ಮುತ್ತಜ್ಜಿಯ ಒಡಪಿನಲ್ಲಿ ಸಿಕ್ಕ ಮುತ್ತಜ್ಜ

ತಡೀರಿ, ಈಗಲೇ ಎದ್ದು ಹೋಗಬೇಡಿ. ಇದನ್ನು ಹೇಳಿ ಮುಗಿಸುವ ತನಕ ಸ್ವಲ್ಪ ಕೂತಿರಿ. ಇದು ಶುರುವಾಗುವುದು ಒಂದು ಕಾಟಾ ಚಮಚದಿಂದ. ಹಾಗಂತ ಅಡುಗೆಯ ವಿಷಯ ಅಂದುಕೊಳ್ಳಬೇಡಿ, ನನಗೆ ಅಡುಗೆ ಬರುವುದಿಲ್ಲ.

ಮೊನ್ನೆ ದೀಪಾವಳಿಯ ಕರ್ಜಿಕಾಯಿಗೆಂದು ಮಮ್ಮಿ ಆ ಚಮಚವನ್ನು ಹೊರಗೆ ತೆಗೆದಳು. ಬೇರೆಯವರ ಮನೆಯಲ್ಲಿ ಕರ್ಜಿಕಾಯಿಯ ಅಂಚು ಕತ್ತರಿಸಲು ಹಲ್ಲಿನ ಪುಟ್ಟ ಗಾಲಿ ಇರುತ್ತದೆ. ನಮ್ಮಲ್ಲಿ ಮುಳ್ಳುಗಳಿರುವ, ಕೈಗೆ ಭಾರ ಅನಿಸುವ ಈ ಚಮಚವೇ. ಮಡಚಿದ ಹಿಟ್ಟಿನ ಅಂಚಿಗೆ ಇದನ್ನು ಒತ್ತುತ್ತ ಹೋದರೆ ಸುತ್ತಲೂ ಗೆರೆ ಮೂಡುತ್ತದೆ. ಕರ್ಜಿಕಾಯಿ ಅಂದರೆ ಹೀಗೇ ಅಂತ ನಾನು ನಂಬಿದ್ದೆ. ಚಿಕ್ಕವಳಿದ್ದಾಗ ಕೆಳಗಿನ ಮನೆಯ ಮರಾಠಿ ನೆರೆಯವರು ವೈಶಾಲಿ ಕಾಕು ತಟ್ಟೆಯಲ್ಲಿ ತಮ್ಮ ಕರಂಜಿ, ಅಂದರೆ ಅವರ ಕರ್ಜಿಕಾಯಿ, ಕೊಟ್ಟರೆ, ಅದರ ಹಲ್ಲುಹಲ್ಲಿನ ಅಂಚು ನೋಡಿ, "ಕಾಕು, ನಿಮ್ಮದನ್ನು ಇಲಿ ಕಡಿದಿದೆ" ಅಂತ ವಾಪಸು ಕೊಟ್ಟು ಬಂದಿದ್ದೆನಂತೆ. ಕಾಕು ಆ ಮಾತನ್ನು ಇವತ್ತಿಗೂ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ.

ಆ ಚಮಚ ಹಡಗಿನದು. ತಂದವನು ನನ್ನ ಮುತ್ತಜ್ಜ, ಅಂದರೆ ಮಮ್ಮಿಯ ತಾಯಿಯ ತಂದೆ. ಬೆಳಗಾವಿ ಕಡೆಯ ಹಳ್ಳಿಯವನು. ಮುಂಬೈಗೆ ಹೋಗಿ, ಹಡಗಿನ ಖಲಾಸಿಗಳಿಗೆ, ಅಂದರೆ ದುಡಿಯುವ ನಾವಿಕರಿಗೆ, ಅಡುಗೆ ಮಾಡುವ ಕೆಲಸ ಹಿಡಿದ. ಒಮ್ಮೆ ಊರಿಗೆ ಬಂದಾಗ ಈ ಚಮಚ ತಂದ. ಮುಂದಿನ ಸಲ ಹೋದವನು ತಿರುಗಿ ಬರಲಿಲ್ಲ. ಜಗತ್ತಿನಲ್ಲಿ ದೊಡ್ಡ ಯುದ್ಧ ನಡೆದಿದ್ದ ಕಾಲ. ಅಜ್ಜಿಗೆ ಆಗ ನಾಲ್ಕು ವರ್ಷ.

ಇಷ್ಟು ಕೇಳಿ ನಾನೇನೋ ಸಮುದ್ರದ ಮನೆತನದವಳು ಅಂದುಕೊಳ್ಳಬೇಡಿ. ನಾವು ಇರುವುದು ಪುಣೆಯ ಹಡಪಸರದಲ್ಲಿ. ನಮ್ಮ ಪಾಲಿನ ನೀರು ಅಂದರೆ ಮೂಠಾ ಹೊಳೆ, ಅದನ್ನು ದಾಟುವಾಗ ರಿಕ್ಷಾದಲ್ಲಿ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತೇವೆ. ದಿನವಿಡೀ ನಾನು ಮಗರಪಟ್ಟಾದ ಒಂದು ಲ್ಯಾಬಿನಲ್ಲಿ ಜನರ ತೋಳಿನಿಂದ ರಕ್ತ ತೆಗೆಯುತ್ತೇನೆ. ಉಳಿದ ಹೊತ್ತಿನಲ್ಲಿ ಹಳೆಯ ಹಡಗುಗಳ ಬಗ್ಗೆ ಓದುತ್ತೇನೆ. ಯಾರೂ ಕಲಿಸಿದ್ದಲ್ಲ. ಉಗಿ ಹಡಗಿನ ಕಲ್ಲಿದ್ದಲು ಎಲ್ಲಿ ತುಂಬುತ್ತಿದ್ದರು, ಖಲಾಸಿಗಳು ಎಲ್ಲಿ ಮಲಗುತ್ತಿದ್ದರು, ಕೇಳಿ, ಹೇಳುತ್ತೇನೆ. ಹಡಗಿಗೆ ಹತ್ತಿರದ್ದೇನನ್ನಾದರೂ ನಾನು ಹತ್ತಿದ್ದು ಒಂದೇ ಸಲ, ಮುಂಬೈಯಿಂದ ಅಲಿಬಾಗಕ್ಕೆ ಹೋಗುವ ದೋಣಿ. ದಂಡೆ ಬಿಟ್ಟ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿಕೊಂಡು, ಪಕ್ಕದ ಅಪರಿಚಿತ ಹೆಂಗಸಿನ ತೊಡೆಯ ಮೇಲೆ ತಲೆಯಿಟ್ಟು ದಾಟಿದೆ. ಅಜ್ಜಿಗೆ ಹೇಳಿದರೆ, "ನಮ್ಮಪ್ಪನ ಮಾನ ಕಳದಿ ನೋಡ" ಅಂದಳು.

ಅಜ್ಜಿ ಅಪ್ಪನ ಬಗ್ಗೆ ಹೀಗೆ ತಮಾಷೆಗೆ ಮಾತ್ರ ಮಾತಾಡುತ್ತಿದ್ದಳು. ಅವಳ ತಾಯಿ, ಅಂದರೆ ನನ್ನ ಮುತ್ತಜ್ಜಿ ತುಳಸವ್ವನ ವಿಷಯ ಬಂದರೆ ಅದೂ ಇಲ್ಲ, ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಮುತ್ತಜ್ಜಿಯನ್ನು ನೋಡಿಲ್ಲ. ಮಮ್ಮಿ ನೋಡಿದ್ದಾಳೆ, ಅವಳ ಮಡಿಲಲ್ಲೇ ಬೆಳೆದವಳು. ನನ್ನ ಅಜ್ಜ ಬೇಗ ತೀರಿಕೊಂಡಿದ್ದ, ಮಮ್ಮಿ ಇನ್ನೂ ತೊಟ್ಟಿಲಲ್ಲಿದ್ದಳು. ಅಜ್ಜಿ ಮಕ್ಕಳನ್ನೂ ತಾಯಿಯನ್ನೂ ಕರೆದುಕೊಂಡು ಪುಣೆಗೆ ಬಂದು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸಲು ನಿಂತಳು. ಅಲ್ಲಿ ಅವರಿದ್ದ ಖೋಲಿಯ, ಅಂದರೆ ಒಂದೇ ಕೋಣೆಯ ಮನೆಯ, ಒಂದು ಚಿತ್ರವನ್ನು ಮಮ್ಮಿ ಆಗಾಗ ಹೇಳುತ್ತಾಳೆ. ಬೆಳಿಗ್ಗೆ ಎದ್ದರೆ ಮಗಳು, ಅಂದರೆ ಅಜ್ಜಿ, ಬೋಳು ಹಣೆಯಲ್ಲಿ ಕೆಲಸಕ್ಕೆ ಹೊರಟಿರುತ್ತಿದ್ದಳು. ತಾಯಿ ತುಳಸವ್ವ ಗೋಡೆಯ ಕನ್ನಡಿಯ ಮುಂದೆ ನಿಂತು, ಬೆರಳಿನಿಂದ ಕಾಸಿನಗಲದ ಕುಂಕುಮ ಹಚ್ಚಿಕೊಳ್ಳುತ್ತಿದ್ದಳು. ಕೈತುಂಬ ಹಸಿರು ಬಳೆ.

ತುಳಸವ್ವ ಕುಂಕುಮ ಅಳಿಸಲಿಲ್ಲ. ಎಷ್ಟೋ ವರ್ಷ ಕಾದ ಮೇಲೆ ಊರ ಹಿರಿಯರು ಬಂದು, ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸೋಣ ಅಂದರಂತೆ. ಅವಳು ಹೊಸ್ತಿಲ ಮೇಲೆ ಕೂತು, "ಹೆಣಾ ಯಾರ ನೋಡೀರಿ, ಮುಂದ ಬರ್ರಿ" ಅಂದಳಂತೆ. ಯಾರೂ ಮುಂದೆ ಬರಲಿಲ್ಲ. ಆಮೇಲೆ ಊರಲ್ಲಿ ಬೇರೆ ಮಾತು ಹುಟ್ಟಿತು. ಅವನು ವಿಲಾಯತಿಯಲ್ಲಿ ಒಬ್ಬ ಬಿಳಿ ಹೆಂಗಸಿನ, ಮಡಮ್ಮನ, ಜೋಡಿ ಸಂಸಾರ ಹೂಡಿದ್ದಾನೆ, ಕೆಂಪು ಕೂದಲಿನ ಮಕ್ಕಳಿದ್ದಾರೆ ಅಂತ. ಮುಂಬೈಯಿಂದ ಬಂದ ಯಾವನೋ ಹೇಳಿದನಂತೆ. ಬೇರೆ ಹೆಂಗಸಾದರೆ ಅತ್ತು ಕರೆಯುತ್ತಿದ್ದಳು. ತುಳಸವ್ವ ಆ ಮಾತನ್ನು ಹಿಡಿದುಕೊಂಡಳು. ಮಡಮ್ಮ ಇದ್ದರೆ ಗಂಡ ಜೀವಂತ ಇದ್ದಾನೆ. ಗಂಡ ಜೀವಂತ ಇದ್ದರೆ ತಾನು ಮುತ್ತೈದೆ. ಅವಳು ಸಾಯುವಾಗಲೂ ಹಾಗೇ ಸತ್ತಳು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಣೆತುಂಬ ಕುಂಕುಮ ಹಚ್ಚಿ ಕಳಿಸಿದರು.

ಇದರಿಂದಾಗಿ ನಮ್ಮ ಮನೆಯಲ್ಲಿ ಎರಡು ಪದ್ಧತಿ ಉಳಿದವು. ದಸರೆಗೆ ಮುಂಚೆ ಹಿರಿಯರ ಪಕ್ಷ ಬರುತ್ತದಲ್ಲ, ಅದರಲ್ಲಿ ಒಂಬತ್ತನೆಯ ದಿನ ಗಂಡ ಇರುವಾಗಲೇ ಸತ್ತ ಹೆಣ್ಣುಮಕ್ಕಳದು. ಪಂಚಾಂಗದಲ್ಲಿ ಅವಿಧವಾ ನವಮಿ, ನಾವು ಮುತ್ತೈದಿ ನವಮಿ ಅಂತೇವೆ. ಆ ದಿನ ತುಳಸವ್ವನ ಹೆಸರಿನಲ್ಲಿ ವೈಶಾಲಿ ಕಾಕುವನ್ನು ಮುತ್ತೈದೆಯಾಗಿ ಕರೆದು, ಊಟಕ್ಕೆ ಹಾಕಿ, ಸೀರೆ ಕೊಟ್ಟು ಉಡಿ ತುಂಬುತ್ತೇವೆ. ಕೊನೆಯ ದಿನ ಅಮಾವಾಸ್ಯೆ, ಉಳಿದ ಎಲ್ಲ ಹಿರಿಯರಿಗೆ ಎಡೆ. ಆ ಎಡೆಗಳಲ್ಲಿ ಮುತ್ತಜ್ಜನದು ಮಾತ್ರ ಇರುತ್ತಿರಲಿಲ್ಲ. "ಜೀವಂತ ಇದ್ದವರಿಗೆ ಎಡಿ ಇಡತಾರೇನು?" ಅಂತ ತುಳಸವ್ವ ಹೇಳಿದ್ದಳು. ಅವಳು ಹೋದ ಮೇಲೂ ಅಜ್ಜಿ ಅದನ್ನು ಮೀರಲಿಲ್ಲ.

ಹೋದ ಬೇಸಿಗೆಯಲ್ಲಿ ಅಜ್ಜಿಯ ಕಾಲು ಊದಿಕೊಂಡವು. ಹೃದಯ ಸೋತಿದೆ ಅಂದರು ಡಾಕ್ಟರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡಳು.

"ನೀ ಆ ಫೋನ್ಯಾಗ ಹಡಗ ಹುಡಕತಿ ಅಲಾ? ನಮ್ಮಪ್ಪನ್ನ ಹುಡಕು."

"ಅಜ್ಜಿ, ಇದ್ದಿದ್ರ ಈಗ ನೂರಾ ಹತ್ತು ವರ್ಷ ದಾಟಿರ್ತಿತ್ತು."

"ಸತ್ತಾನ, ಅಷ್ಟೂ ತಿಳಿಯೂದಿಲ್ಲೇನು ನಂಗ? ಖರೇ ಎಲ್ಲೆ ಸತ್ತಾ, ಯಾವಾಗ ಸತ್ತಾ? ಒಂದ ಎಡಿ ಇಡಬೇಕಂದ್ರ ಯಾವ ದಿಕ್ಕಿಗೆ ಮಾರಿ ಮಾಡಿ ಕರೀಲಿ? ಇಷ್ಟ ವರ್ಷ ಉಪಾಸ ಅದಾನ. ನಾ ಹೋದಮ್ಯಾಲ ಯಾರ ಇಡಾವ್ರು, ನೀನು? ನಿಂಗ ಚಹಾ ಮಾಡಾಕ ಬರೂದಿಲ್ಲ."

ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ನನ್ನ ಹುಚ್ಚಿಗೆ ಮನೆಯಲ್ಲಿ ಮೊದಲ ಬಾರಿ ಒಂದು ಕೆಲಸ ಸಿಕ್ಕಿತ್ತು. ಹೆಸರು ಕೇಳಿದೆ. "ಬಾಬೂ" ಅಂದಳು. ಹಳ್ಳಿಯವರೆಲ್ಲ ಅವನನ್ನು ಕರೆದದ್ದು ಬಾಬೂ ಅಂತಲೇ. ಸರಿ, ಬಾಬೂ ಅಂತ ಹುಡುಕಲು ಕೂತೆ. ನಿಮಗೂ ಪುರಸೊತ್ತಿದ್ದರೆ ಒಮ್ಮೆ ಹುಡುಕಿ ನೋಡಿ. ಮುಂಬೈಯಿಂದ ಹೊರಟ ಹಡಗುಗಳಲ್ಲಿ ಬಾಬೂ ಇಲ್ಲದ ಹಡಗೇ ಇಲ್ಲ. ಹಡಗಿನ ಹವ್ಯಾಸಿಗಳ ಗುಂಪೊಂದರಲ್ಲಿ ಕೇಳಿದರೆ ಒಬ್ಬ ಮುದುಕ ಬಹಳ ಮರ್ಯಾದೆಯಿಂದ, "ಮಗಳೇ, ಇದು ಸಮುದ್ರದಲ್ಲಿ ನೀರು ಹುಡುಕಿದ ಹಾಗೆ" ಅಂತ ಬರೆದ. ಮಳೆಗಾಲ ಬಂದರೂ ಏನೂ ಸಿಕ್ಕಿರಲಿಲ್ಲ. ಅಜ್ಜಿ ದಿನಾ ಕೇಳುವುದನ್ನು ಬಿಟ್ಟು, ನಾನು ಮನೆಗೆ ಬಂದ ಕೂಡಲೇ ಸುಮ್ಮನೆ ಮುಖ ನೋಡುತ್ತಿದ್ದಳು. ಅದು ಕೇಳುವುದಕ್ಕಿಂತ ಕಷ್ಟ.

ಶ್ರಾವಣದಲ್ಲಿ ನನ್ನ ಮಾಮನ ಮಗಳು ಪೂಜಾಳ ಕುಬಸ ಬಂತು. ಅವಳ ಅತ್ತೆಯ ಮನೆ ಇಂದಾಪುರ, ಅವರೂ ಮನೆಯಲ್ಲಿ ಕನ್ನಡ ಆಡುವವರೇ. ಕುಬಸ ಅಂದರೆ ಬಸುರಿಗೆ ಸೀರೆ ಕುಪ್ಪಸ ಕೊಟ್ಟು ಆರತಿ ಮಾಡುವುದು, ಗೊತ್ತಲ್ಲ. ನಾವು ಬೇಡ ಅಂದರೂ ಕೇಳದೆ ಅಜ್ಜಿ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದಳು. ಅಲ್ಲಿ ಹೆಂಗಸರೆಲ್ಲ ಪೂಜಾಳನ್ನು ಕೂರಿಸಿಕೊಂಡು ಗಂಡನ ಹೆಸರು ಹೇಳು ಅಂತ ಹಟ ಹಿಡಿದರು. ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಪದ್ಯದಲ್ಲಿ ಪೋಣಿಸಿ ಒಡಪು ಮಾಡಿ ಹೇಳಬೇಕು. ಪೂಜಾ ಅಂಗೈಯಲ್ಲಿ ಫೋನ್ ಬಚ್ಚಿಟ್ಟುಕೊಂಡು ಮರಾಠಿಯ ಎರಡು ಸಾಲು ಓದಿದಳು. ಅಜ್ಜಿ ಅದನ್ನು ನೋಡಿಬಿಟ್ಟಳು.

"ಏ ಪೋರಿ, ಫೋನ್ ನೋಡಿ ಗಂಡನ ಹೆಸರ ಹೇಳತೀಯಲ್ಲ, ಚಾರ್ಜ್ ಹೋದ್ರ ಗಂಡನೂ ಹೋದಾ ಏನು?"

ಎಲ್ಲರೂ ನಕ್ಕರು. ಪೂಜಾಳ ಅತ್ತೆ, ಪಾಪ ಗೊತ್ತಿಲ್ಲದೆ, "ಹಂಗಾರ ನೀವ ಒಂದ ಹೇಳ್ರಿ, ಅಜ್ಜಿ" ಅಂದರು. ನಗು ನಿಂತಿತು. ಗಂಡ ಸತ್ತವಳು ಒಡಪು ಹೇಳುವುದಿಲ್ಲ. ಮಮ್ಮಿ ನೆಲ ನೋಡತೊಡಗಿದಳು. ಅಜ್ಜಿಯೇ ಸುಧಾರಿಸಿದಳು. "ನಂದ ಹೇಳಂಗಿಲ್ಲವಾ. ನಮ್ಮವ್ವಂದ ಹೇಳತೇನಿ, ಆಕಿ ಕಡೀತನಕಾ ಮುತ್ತೈದಿ." ಸೆರಗು ಸರಿ ಮಾಡಿಕೊಂಡು, ತಾಯಿಯ ದನಿಯಲ್ಲೋ ಏನೋ, ನಿಧಾನಕ್ಕೆ ಹೇಳಿದಳು:

"ಕರೇ ನೀರಾಗ ಹೊಂಟಾವ ಸಾಲಗಟ್ಟಿ ಹಡಗ,
ಯಲ್ಲಪ್ಪನವರ ಮಗ ಪರಸಪ್ಪನವರು ನನ್ನ ಮನಸಿನ ಒಳಗ."

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಕೈಯಲ್ಲಿದ್ದ ಪೇಡೆ ಬಿಟ್ಟು ಓಡಿದೆ.

"ಅಜ್ಜಿ, ಪರಸಪ್ಪ ಯಾರು?"

"ಯಾರಂದ್ರ? ನಮ್ಮಪ್ಪ."

"ನೀ ಬಾಬೂ ಅಂತ ಹೇಳಿದ್ದಿ!"

"ಕರಿಯೂ ಹೆಸರ ಬಾಬೂ. ಇದು ಒಡಪಿನ ಹೆಸರ. ನೀ ಎಲ್ಲೆ ಅದನ್ನ ಕೇಳಿದಿ?"

ಇಡೀ ಬೇಸಿಗೆ, ಅರ್ಧ ಮಳೆಗಾಲ ನಾನು ಬಾಬೂಗಳ ಹಿಂದೆ ಅಲೆದಿದ್ದೆ. ನಮ್ಮ ಮನೆಯಲ್ಲಿ ಅವನ ನಿಜವಾದ ಹೆಸರನ್ನು, ಅಪ್ಪನ ಹೆಸರಿನ ಸಮೇತ, ಬಾಯಲ್ಲಿ ಉಳಿಸಿದವಳು ತುಳಸವ್ವ ಒಬ್ಬಳೇ. ಊರಿನ ಮದುವೆ, ಕುಬಸ, ತೊಟ್ಟಿಲುಗಳಿಗೆ ಮುತ್ತೈದೆಯಾಗಿ ಹೋಗಿ ಹೋಗಿ ಹೇಳಿದ್ದರಿಂದ ಅದು ಉಳಿದಿತ್ತು.

ಹಡಗಿನವರು ಅಡ್ಡಹೆಸರು, ಅಂದರೆ ಮನೆತನದ ಹೆಸರು, ಬರೆದುಕೊಳ್ಳುತ್ತಿರಲಿಲ್ಲ, ಇವನ ಹೆಸರು, ಅಪ್ಪನ ಹೆಸರು, ಅಷ್ಟೇ. ಮರುದಿನ ಊಟದ ಬಿಡುವಿನಲ್ಲಿ ಲ್ಯಾಬಿನ ಕ್ಯಾಂಟೀನಿನಲ್ಲಿ ಕೂತು ಎರಡೂ ಹೆಸರು ಹಾಕಿದೆ. ಯುದ್ಧದಲ್ಲಿ ತೀರಿಕೊಂಡ ನಾವಿಕರನ್ನು ಹುಡುಕುವ ತಾಣದಲ್ಲಿ ಒಬ್ಬನೇ ಒಬ್ಬ ಬಂದ. ಪರಸಪ್ಪ, ಯಲ್ಲಪ್ಪನ ಮಗ, ಖಲಾಸಿಗಳ ಅಡುಗೆಯವ, ಬೆಳಗಾವಿ ಜಿಲ್ಲೆ. ಸ್ಕಾಟ್ಲೆಂಡಿನ ಒಂದು ಬಂದರಿನ ಊರಿನ ಸ್ಮಶಾನದಲ್ಲಿ ಕಲ್ಲು ಇದೆ. ನಾನು ಕಿರುಚಿದ್ದಕ್ಕೆ ಜೊತೆಯವರು ನನಗೆ ಕೆಲಸದಲ್ಲಿ ಬಡ್ತಿ ಸಿಕ್ಕಿತು ಅಂದುಕೊಂಡು ಸಮೋಸಾ ಕೇಳಿದರು.

ಆ ಊರಿನಲ್ಲಿ ಗೋರಿಗಳ ಫೋಟೊ ತೆಗೆದು ಕೇಳಿದವರಿಗೆ ಕಳಿಸುವ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಗುಂಪಿನವರೇ ಪರಿಚಯ ಮಾಡಿಸಿದರು. ವಾರ ಕಳೆಯುವುದರೊಳಗೆ ಫೋಟೊ ಬಂತು. ಬೂದು ಬಣ್ಣದ ಚಿಕ್ಕ ಕಲ್ಲು, ಬುಡದಲ್ಲಿ ಪಾಚಿ, ಒದ್ದೆ ಹುಲ್ಲು, ಹಿಂದೆ ಒಂದು ಗೋಡೆ. ಕಲ್ಲನ್ನು ಕೋಟಿನ ತೋಳಿನಿಂದ ಒರೆಸಿ ಫೋಟೊ ತೆಗೆದೆ, ಇಲ್ಲಿಂದ ಸಮುದ್ರ ಕಾಣುವುದಿಲ್ಲ, ಅಂತ ಅವರು ಬರೆದಿದ್ದರು. ಹೇಗೆ ಸತ್ತ ಅಂತ ಕಲ್ಲಿನ ಮೇಲೆ ಇರಲಿಲ್ಲ. ಯಾವಾಗ ಅಂತ ಇತ್ತು. ಕೊನೆಯ ಸಲ ಮನೆ ಬಿಟ್ಟ ಮೇಲಿನ ಮೊದಲನೆಯ ಚಳಿಗಾಲ. ಮಡಮ್ಮನೂ ಇಲ್ಲ, ಕೆಂಪು ಕೂದಲಿನ ಮಕ್ಕಳೂ ಇಲ್ಲ.

ನಾನು ಕುಣಿಯುತ್ತ ಮನೆಗೆ ಬಂದು ಮೊದಲು ಮಮ್ಮಿಗೆ ತೋರಿಸಿದೆ. ಅವಳು ಕಲ್ಲು ನೋಡಲಿಲ್ಲ, ತಾರೀಕು ನೋಡಿದಳು. ಗ್ಯಾಸ್ ಆರಿಸಿದಳು.

"ಅಜ್ಜಿಗೆ ಹೇಳಬ್ಯಾಡ."

"ಆಕಿನ ಹುಡಕಂದಾಳ, ಮಮ್ಮಿ."

"ತಿಳೀಲಿಲ್ಲೇನ ನಿಂಗ? ಅಜ್ಜಿ ಲಗ್ನದಾಗ ಅರಿಷಿಣ ಹಚ್ಚಿದಾಕಿ ಆಕಿ ಅವ್ವ. ತಾಳಿಗೆ ಕುಂಕುಮ ಇಟ್ಟಾಕಿ ಆಕಿ. ಆವಾಗ ಊರ ಮಂದಿ ಏನಂದಿದ್ರು ಗೊತ್ತದೇನು? ಗಂಡ ಸತ್ತಾಕಿ ಕೈಲೆ ಮದುಮಗಳಿಗೆ ಅರಿಷಿಣ ಹಚ್ಚಸ್ತಾರ, ಈ ಹುಡುಗಿ ಕುಂಕುಮ ಉಳಿಯೂದಿಲ್ಲ ಅಂದಿದ್ರು. ನಿಮ್ಮಜ್ಜ ಹೋದಮ್ಯಾಲ ಮಾರಿ ಮ್ಯಾಲನ ಅಂದ್ರು. ಅಜ್ಜಿ ಎಲ್ಲಾರ ಜೋಡಿ ಜಗಳಾಡಿದ್ಲು, ನಮ್ಮಪ್ಪ ಅದಾನ, ನಮ್ಮವ್ವ ಮುತ್ತೈದಿ ಅಂತ. ಊರ ಬಿಟ್ಟು ಬಂದಿದ್ದು ಅದಕ್ಕ."

ನಾನು ಇದನ್ನೆಲ್ಲ ನಂಬುವವಳಲ್ಲ. ನನ್ನ ಅಜ್ಜ ಸತ್ತದ್ದು ಕಾಮಾಲೆಯಿಂದ, ಯಾರ ಅರಿಷಿಣದಿಂದಲೂ ಅಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಇಷ್ಟು ಗೊತ್ತಿಲ್ಲವೇ? ಆದರೆ ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತಾಗ ನನಗೆ ಗೊತ್ತಿದ್ದದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ. ಎರಡು ದಿನ ತಪ್ಪಿಸಿಕೊಂಡು ಓಡಾಡಿದೆ. ಮೂರನೆಯ ದಿನ ಬೆಳಿಗ್ಗೆ ಗುಳಿಗೆ ಕೊಡಲು ಹೋದರೆ ಅಜ್ಜಿಯೇ ಕೈ ಹಿಡಿದಳು.

"ಸಿಕ್ಕಾನ ಹೌದಿಲ್ಲೋ? ನಿನ್ನ ಮಾರಿನ ಹೇಳತದ."

ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಕಲ್ಲಿನ ಮೇಲಿನ ಅಕ್ಷರ ಅವಳಿಗೆ ಓದಲು ಬರುವುದಿಲ್ಲ. ಬೆರಳಿನಿಂದ ಫೋನಿನ ಗಾಜನ್ನು ಸವರಿದಳು, ಫೋಟೊ ಸರಿದು ಪೂಜಾಳ ಕುಬಸದ ಫೋಟೊ ಬಂತು, ನಾನು ಮತ್ತೆ ಹಿಂದಕ್ಕೆ ತಂದು ಕೊಟ್ಟೆ.

"ಭಾಳ ಥಂಡಿ ಊರೇನು?"

"ಹೂಂ ಅಜ್ಜಿ."

"ಯಾವಾಗ?" ಅಂದಳು. ನಾನು ಬಾಯಿ ತೆರೆಯುವ ಮುಂಚೆ ತಾನೇ ಕೇಳಿದಳು. "ನನ್ನ ಲಗ್ನಕ್ಕಿಂತ ಮೊದಲೋ, ಆಮ್ಯಾಲೋ?"

ಸುಳ್ಳು ಹೇಳಬಹುದಿತ್ತು. ಅವಳು ಆ ಅಕ್ಷರ ಓದಲಾರಳು. ಆದರೆ ಅವಳು ನನ್ನ ಮುಖ ಓದುತ್ತ ಕೂತಿದ್ದಳಲ್ಲ.

"ಮೊದಲ," ಅಂದೆ.

ಅಜ್ಜಿ ಫೋನ್ ತಿರುಗಿ ಕೊಟ್ಟು, ಗುಳಿಗೆ ನುಂಗಿ, ಗೋಡೆಯ ಕಡೆ ಹೊರಳಿ ಮಲಗಿದಳು. ಅವತ್ತು ಊಟಕ್ಕೆ ಏಳಲಿಲ್ಲ.

ಆಮೇಲೆ ಪಕ್ಷ ಬಂತು. ಪ್ರತಿ ವರ್ಷದಂತೆ ಮಮ್ಮಿ ನವಮಿಗೆ ಹಸಿರು ಸೀರೆ ತಂದಿಟ್ಟಿದ್ದಳು. ಅಜ್ಜಿ ಅದನ್ನು ಮುಟ್ಟಿ ನೋಡಿ, "ಒಳಗ ಇಡು. ಈ ಸಲ ನವಮಿ ಬ್ಯಾಡ. ಅವ್ವನ್ನ ಅಮಾಸಿಗೆ ಕರಿಯೂಣ, ಎಲ್ಲಾರ ಜೋಡಿ" ಅಂದಳು.

ಮಮ್ಮಿ ಅತ್ತಳು. "ಅವ್ವಾ, ಆಕಿ ಜೀಂವಾ ತೇಯ್ದು ಉಳಿಸ್ಕೊಂಡ ಕುಂಕುಮ ಅದು. ನೀನ ಅಳಸ್ತೀಯೇನು?"

"ನಾ ಅಳಸಲಿಲ್ಲ," ಅಂದಳು ಅಜ್ಜಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಅಪ್ಪಗ ಎಡಿ ಇಟ್ಟಮ್ಯಾಲ ಆಕಿನ್ನ ಹೆಂಗ ಮುತ್ತೈದಿ ಅಂತ ಕರೀಲಿ? ಒಬ್ಬಾಂವ ಉಪಾಸ ಇರಬೇಕು, ಇಲ್ಲಂದ್ರ ಒಬ್ಬಾಕಿ ಬೋಳ ಆಗಬೇಕು. ಎಂಬತ್ತ ವರ್ಷ ಅಂವ ಉಪಾಸ ಇದ್ದಾ."

ನವಮಿಯ ಹಿಂದಿನ ದಿನ ವೈಶಾಲಿ ಕಾಕು ಲಿಫ್ಟಿನಲ್ಲಿ ಸಿಕ್ಕರು. ನಾಳೆ ಎಷ್ಟು ಹೊತ್ತಿಗೆ ಬರಲಿ ಅಂತ ಮರಾಠಿಯಲ್ಲಿ ಕೇಳಿದರು. ಈ ವರ್ಷ ಮಾಡುತ್ತಿಲ್ಲ ಅಂದೆ. "ಮಾಝಂ ಕಾಹೀ ಚುಕಲಂ ಕಾ ಗ?" ನನ್ನಿಂದ ಏನಾದರೂ ತಪ್ಪಾಯಿತೇನೇ, ಅಂದರು. ಇಲ್ಲ ಕಾಕು, ಅಜ್ಜಿಗೆ ಹುಷಾರಿಲ್ಲ, ಅಂದೆ. ಇಲಿ ಕಡಿದ ಕರಂಜಿಯ ಮಾತನ್ನು ಅವತ್ತು ಅವರು ತೆಗೆಯಲಿಲ್ಲ.

ಅಮಾವಾಸ್ಯೆಯ ದಿನ ಮಮ್ಮಿ ಹೋಳಿಗೆ, ಕಟ್ಟಿನ ಸಾರು, ಕುಂಬಳಕಾಯಿ ಪಲ್ಯ, ವಡೆ ಎಲ್ಲ ಮಾಡಿದಳು. ಮುತ್ತಜ್ಜನಿಗೆ ಏನು ಇಷ್ಟ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿಗೆ ಒಂದು ನೆನಪು ಮಾತ್ರ ಇದೆ, ಬಿಸಿ ಚಪಾತಿಗೆ ತುಪ್ಪ ಬೆಲ್ಲ ಹಾಕಿ ಹಿಸುಕಿ ತನ್ನ ಬಾಯಿಗೆ ಇಟ್ಟದ್ದು. ಗೋಡೆ ಹಿಡಿದು ಅಡುಗೆಮನೆಗೆ ಬಂದು, ಅದನ್ನು ತಾನೇ ಹಿಸುಕಿ ಎಲೆಯ ತುದಿಗೆ ಇಟ್ಟಳು. ಪಕ್ಕದಲ್ಲಿ ತುಳಸವ್ವನ ಎಲೆ. ಯಾವ ದಿಕ್ಕು ಅಂತ ಕೇಳಿದಳು, ನಾನು ಫೋನಿನಲ್ಲಿ ನೋಡಿ, ವಾಷಿಂಗ್ ಮಷೀನ್ ಇಟ್ಟ ಬಾಲ್ಕನಿಯ ಕಡೆ ತೋರಿಸಿದೆ. ಆ ಕಡೆ ಮುಖ ಮಾಡಿ ನಿಂತಳು.

"ಅಪ್ಪಾ, ಊಟಕ್ಕ ಬಾ," ಅಂದಳು. ಸಣ್ಣ ಹುಡುಗಿ ಕರೆದ ಹಾಗೆ ಇತ್ತು. ಸ್ವಲ್ಪ ತಡೆದು, "ಅವ್ವಾ, ನೀನೂ ಬಾ" ಅಂದಳು.

ಎಡೆ ಇಟ್ಟ ಮೇಲೆ ಹಿರಿಯರು ನಾಚದೆ ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ಕೂರುವುದು ಪದ್ಧತಿ. ಮೂವರೂ ಹೊರಗಿನ ಕೋಣೆಯಲ್ಲಿ ಟಿವಿ ಹಚ್ಚದೆ ಕೂತೆವು. ಆಮೇಲೆ ಮಮ್ಮಿ ಬಾಗಿಲು ತೆಗೆದಳು. ಅಜ್ಜಿ ಒಳಗೆ ಹೋಗಿ ಎರಡೂ ಎಲೆಗಳ ಮೇಲೆ ಬಗ್ಗಿ, ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ನನಗೆ ಎರಡೂ ಇಟ್ಟ ಹಾಗೇ ಕಂಡವು.

"ಅಪ್ಪ ಉಂಡಾನ," ಅಂದಳು. "ಅವ್ವ ಉಂಡಿಲ್ಲ."

ಅಂದಿನಿಂದ ಅಜ್ಜಿ ಹೆಚ್ಚು ಮಾತಾಡುವುದಿಲ್ಲ. ಹಸಿರು ಸೀರೆ ಕಪಾಟಿನಲ್ಲಿ ಇದ್ದಲ್ಲೇ ಇದೆ. ನಾನು ಹಡಗಿನ ಗುಂಪುಗಳಿಗೆ ಹೋಗಿ ಬಹಳ ದಿನವಾಯಿತು. ಅಲ್ಲಿ ಇಂಥದಕ್ಕೆ ಉತ್ತರ ಸಿಗುವುದಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಮನೆಯಿಂದಲೂ ಯಾರಾದರೂ ದೂರ ಹೋಗಿ ತಿರುಗಿ ಬಾರದೆ ಉಳಿದಿದ್ದಾರೆಯೇ? ಅವರ ಸುದ್ದಿ ತಡವಾಗಿ ಬಂದಾಗ ಮನೆಯಲ್ಲಿ ಕಾದವರ ಲೆಕ್ಕವನ್ನು ನೀವು ಹೇಗೆ ಮಾಡಿದಿರಿ? ಅಮಾವಾಸ್ಯೆಗೆ ತಂದವಳನ್ನು ಮತ್ತೆ ಮುತ್ತೈದೆಯಾಗಿ ನವಮಿಗೆ ಕರೆದದ್ದು ನಿಮ್ಮ ಕಡೆ ಎಲ್ಲಾದರೂ ಇದ್ದರೆ, ಹೇಗೆ ಅಂತ ಬರೆದು ತಿಳಿಸಿ. ಆದಷ್ಟು ಬೇಗ ಬರೆಯಿರಿ, ಅಜ್ಜಿಗೆ ಓದಿ ಹೇಳಬೇಕು.